ಮಂಜೂರಾದ ಲಿಫ್ಟ್

ಕೊಂಢವಾ, ಪುಣೆ
8-12-2025

ಅಕ್ಕಾ,

ಕ್ಷೇಮ ಅಂತ ಬರಿಯಂಗಿಲ್ಲ. ಇಲ್ಲಿ ಯಾರೂ ಕ್ಷೇಮ ಇಲ್ಲ. ನಿನ್ನ ನಂಬರ್ ಬ್ಲಾಕ್ ಮಾಡೀನಿ, ಅದು ಹಂಗ ಇರ್ತದ. ಫೋನ್‌ನಾಗ ನೀ "ಹತ್ತನೇತ್ತಾ ಪಾಸ್ ಮಾಡೋ ಸಂಜ್ಯಾ" ಅಂತ ಸುರು ಮಾಡ್ತಿ, ನಾ ಒದರ್ತೀನಿ, ಅವ್ವ ಅಳ್ತಾಳ. ಕಾಗದದಾಗ ಒದರಿದ್ರ ಬಾಜೂ ಮನಿಗೆ ಕೇಳ್ಸಂಗಿಲ್ಲ.

ನಾ ಲಿಫ್ಟ್ ನಡಸೂ ಆಸ್ಪತ್ರಿ ನಿಂಗ ಗೊತ್ತದ. ಅಪ್ಪನ ಪೆನ್ಶನ್ ಕಾರ್ಡಿನ ಮ್ಯಾಲ ಅವ್ವಗ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಮಾಡ್ತಾರಲ್ಲಾ, ಅದೇ ಕೇಂದ್ರ ಸರ್ಕಾರದ ಆಸ್ಪತ್ರಿ. ಡಯಾಲಿಸಿಸ್ ಐದನೇ ಮಜಲಿಗೆ. ಈಗ ಅದರ ಬಾಜೂಕ ಹೊಸ ಬಿಲ್ಡಿಂಗ್ ಎದ್ದದ. ಗಾಜಿನ ಗ್ವಾಡಿ, ಮುಖ ಕಾಣೂ ಹಂಗ ಹಾಸಗಲ್ಲು, ಒಳಗ ಒಬ್ಬ ಡಾಕ್ಟರೂ ಇಲ್ಲ. ರಿಬ್ಬನ್ ಕತ್ತರಿಸಿ ಹೋಗ್ಯಾರ. ಹಳೇ ಬಿಲ್ಡಿಂಗ್‌ನಾಗ ಎರಡು ಲಿಫ್ಟ್. ಒಂದು ಕೆಟ್ಟು ನಿಂತದ, ಅದರ ಸಾಮಾನು ಬಿಚ್ಚಿ ಇನ್ನೊಂದಕ್ಕ ಹಾಕ್ಯಾರ. ಆ ಇನ್ನೊಂದು ನಂದು.

ದೀಪಾವಳಿ ಹೊತ್ತಿಗೆ ಮೇಂಟೆನನ್ಸ್ ಕರಾರು ಮುಗೀತು. ಇಲ್ಲೇ ಇರೂ ಹುಬ್ಬಳ್ಳಿ ಕಡೀ ಮೆಕ್ಯಾನಿಕ್ ಫಕೀರಪ್ಪ ತಿಂಗಳಿಗೊಮ್ಮೆ ಬಂದು ನೋಡ್ತಿದ್ದ, ಅಂವ ಬರೂದು ಬಂದ್ ಆತು. ಹೋಗೂ ಮುಂದ ಹೇಳಿದ: "ಸಂಜೂ, ಬ್ರೇಕಿನ ಪಟ್ಟಿ ಸವದಾವ. ಬಾಗಲಾ ತೆರದಾಗ ಲಿಫ್ಟ್ ಜಾರಿದ್ರ ನಡುವ ಸಿಕ್ಕಂವ ಉಳ್ಯಂಗಿಲ್ಲ. ನಗಬ್ಯಾಡಲೇ."

ನಾ ನಗ್ತಿದ್ದಿಲ್ಲ. ನನ್ನ ಹಲ್ಲೇ ಹಂಗ ಅವ.

ಹೋದ ವಾರ ಜಾರ್ತು. ನಾಲ್ಕನೇ ಮಜಲಿಗೆ ಬಾಗಲಾ ತೆರೀತು, ಒಬ್ಬಾಕಿ ಮುದುಕಿ ವಾಕರ್ ಹೊರಗಿಟ್ಳು, ಕಾಲ ಕೆಳಗಿನ ನೆಲಾ ಸುಮ್ನ ಇಳೀಲಿಕ್ಕ ಹತ್ತಿತು. ಒಂದು ಗೇಣು ಇಳದು ನಿಂತ್ತು. ಮುದುಕಿ ನಂಗ ಬೈದ್ಳು, "ನೀಟ್ ಚಾಲವ್ ನಾ ರೇ!" ನಾ ನೀಟೇ ನಡಸಿದ್ದೆ ಅಕ್ಕಾ. ಅವತ್ತಿನಿಂದ ಬಾಗಲಾ ತೆರದ ಕೂಡ್ಲೇ ನಾ ಅರ್ಧ ಒಳಗ ಅರ್ಧ ಹೊರಗ ನಿಂತು ಮಂದಿನ್ನ ಇಳಸ್ತೀನಿ.

ನಮ್ಮ ಇಂಜಿನಿಯರ್ ಜಗದಾಳೆ ಸಾಹೇಬಗ ಹೇಳಿದ್ರ ರಿಪೇರಿಗೆ ರೊಕ್ಕ ಇಲ್ಲ ಅಂತಾನ. ಗಾಜಿಗೆ ಅದ, ಬ್ರೇಕಿಗೆ ಇಲ್ಲ? ನೀ ದಿಲ್ಲಿಯೊಳಗ ಅದೇ ಲೆಕ್ಕಾ ಬರಿಯೂ ಆಫೀಸಿನ್ಯಾಗ ಕುಂತೀದಿ. ಹೇಳು, ಯಾಕ?

ಅವ್ವಗ ನಾ ಏನೂ ಹೇಳಿಲ್ಲ. ಲಿಫ್ಟಿಗೆ ಅಂಜಿದ್ರ ಆಕಿ ಡಯಾಲಿಸಿಸ್ಸೇ ಬಿಟ್ಟು ಮನ್ಯಾಗ ಕೂಡ್ತಾಳ. ಹಂಗ ಕೂತ್ರ ಎಷ್ಟು ದಿನ ಇರ್ತಾಳ ಅಂತ ಡಾಕ್ಟರ್ ಹೇಳ್ಯಾರ, ನಾ ಬರಿಯಂಗಿಲ್ಲ.

ನಿನ್ನ ತಮ್ಮ (ಇನ್ನೂ ಹೌದು),
ಸಂಜು


ನವದೆಹಲಿ
15-12-2025

ಪ್ರೀತಿಯ ಸಂಜು,

ನೀನು ಬೈದು ಬರೆದರೂ ಬರೆದೆಯಲ್ಲ, ಅಷ್ಟೇ ಸಾಕು. ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಮೆಟ್ಟಿಲ ಮೇಲೆಯೇ ಕೂತು ಓದಿದೆ.

ಒಂದು ಮಾತು ಮೊದಲೇ ಕೇಳುತ್ತೇನೆ, ಸಿಟ್ಟಾಗಬೇಡ. ಕೆಲಸ ಬಿಡಲು ಇದೊಂದು ನೆಪವಲ್ಲ ತಾನೆ? ಗ್ಯಾರೇಜು ಬಿಟ್ಟಾಗಲೂ "ಅಲ್ಲಿ ಜೀವಕ್ಕ ಅಪಾಯ" ಅಂದಿದ್ದೆ. ಭಾನುವಾರ ಅವ್ವನ ಜೊತೆ ಮಾತಾಡಿದೆ. ಎಲ್ಲ ಚೆನ್ನಾಗಿದೆ, ಸಂಜು ನನ್ನನ್ನು ರಾಣಿಯ ಹಾಗೆ ಮೇಲೆ ಕರೆದುಕೊಂಡು ಹೋಗುತ್ತಾನೆ ಅಂದಳು.

ಇನ್ನು ನಿನ್ನ ಪ್ರಶ್ನೆ. ಸರ್ಕಾರದ ಖರ್ಚಿಗೆ ಎರಡು ಚೀಲ ಅಂದುಕೋ. ಒಂದು ಬಂಡವಾಳದ ಚೀಲ. ರಸ್ತೆ, ಸೇತುವೆ, ಕಟ್ಟಡ, ಯಂತ್ರ, ಅಂದರೆ ಕೊಂಡ ಮೇಲೆ ವರ್ಷಗಟ್ಟಲೆ ಉಳಿಯುವಂಥದ್ದಕ್ಕೆ. ಇನ್ನೊಂದು ರಾಜಸ್ವದ ಚೀಲ. ಸಂಬಳ, ಪಿಂಚಣಿ, ಔಷಧಿ, ಸಬ್ಸಿಡಿ, ಹಳೆಯ ಸಾಲದ ಬಡ್ಡಿ, ರಿಪೇರಿ, ಅಂದರೆ ದಿನ ನಡೆಸುವುದಕ್ಕೆ. ಒಂದರ ದುಡ್ಡನ್ನು ಯಾರೋ ಒಬ್ಬ ಸಾಹೇಬರು ಮನಸ್ಸು ಬಂದಂತೆ ಇನ್ನೊಂದಕ್ಕೆ ಹಾಕುವ ಹಾಗಿಲ್ಲ.

ನಾನು ಇದೇ ಕೋಷ್ಟಕಗಳನ್ನು ಟೈಪು ಮಾಡುವವಳು. ಆರು ವರ್ಷದ ಹಿಂದೆ ಬಂಡವಾಳದ ಚೀಲದಲ್ಲಿ ಮೂರೂವರೆ ಲಕ್ಷ ಕೋಟಿಯೂ ಇರಲಿಲ್ಲ. ಈ ವರ್ಷದ ಅಂದಾಜು ಹನ್ನೊಂದು ಲಕ್ಷ ಕೋಟಿ ದಾಟಿದೆ. ರಾಜಸ್ವದ ಚೀಲ ಇವತ್ತಿಗೂ ಅದರ ಮೂರು ಪಟ್ಟಿಗಿಂತ ದೊಡ್ಡದು, ಆದರೆ ಅಷ್ಟು ಬೇಗ ಬೆಳೆದಿಲ್ಲ. ಅದರಲ್ಲೂ ಮೂರರಲ್ಲಿ ಒಂದು ಪಾಲು ಬಡ್ಡಿಗೇ ಹೋಗುತ್ತದೆ. ಸಂಬಳ, ಪಿಂಚಣಿ ನಿಲ್ಲಿಸಲಾಗದು. ಹಿಡಿತ ಮಾಡಿ ಅಂದಾಗ ಕೈ ಹೋಗುವುದು ಸಣ್ಣಪುಟ್ಟ ಬಾಬತ್ತುಗಳ ಕಡೆಗೆ. ನಿನ್ನ ಬ್ರೇಕಿನ ಪಟ್ಟಿ ಅಂಥದ್ದು.

ಹಾಗಾಗಿ ಒಂದು ಉಪಾಯ ಹೇಳುತ್ತೇನೆ. ಬ್ರೇಕು ಕೇಳಬೇಡಿ, ಲಿಫ್ಟ್ ಕೇಳಿ! ಹಳೆಯದನ್ನು ತೆಗೆದು ಹೊಸದನ್ನು ಕೂಡಿಸುವ ಪ್ರಸ್ತಾವ ಕಳಿಸಲು ನಿಮ್ಮ ಇಂಜಿನಿಯರಿಗೆ ಹೇಳು. ಅದು ಬಂಡವಾಳ. ಆ ಚೀಲದಲ್ಲಿ ದುಡ್ಡಿದೆ, ಮಾರ್ಚ್ ಒಳಗೆ ಲೆಕ್ಕ ತೋರಿಸುವ ಅವಸರವೂ ಇರುತ್ತದೆ.

ಹತ್ತನೆಯ ತರಗತಿಯ ಮಾತು ಎತ್ತುವುದಿಲ್ಲ. ಎತ್ತಲಿಲ್ಲ, ನೋಡು.

ನಿನ್ನ ಅಕ್ಕ,
ಶೈಲಶ್ರೀ


ಕೊಂಢವಾ
29-12-2025

ಅಕ್ಕಾ,

ಗ್ಯಾರೇಜಿನ ಮಾತು ಯಾಕ ತೆಗದಿ? ಅಲ್ಲಿ ಜಾಕ್ ಜಾರಿ ಒಬ್ಬನ ಕೈ ಹೋತು, ನಾ ಬಿಟ್ಟ ಮ್ಯಾಲ. ಇರ್ಲಿ. ಸಿಟ್ಟು ಆಮ್ಯಾಲ ಮಾಡ್ತೀನಿ, ಮೊದಲ ಸುದ್ದಿ ಕೇಳು.

ನೀ ಹೇಳಿದ್ದು ಕೆಲಸ ಮಾಡ್ತು. ಜಗದಾಳೆ ಸಾಹೇಬನ ಮುಂದ ನಿಂತು, "ಸಾಹೇಬ, ಬ್ರೇಕ್ ಬ್ಯಾಡ, ಪೂರಾ ಲಿಫ್ಟೇ ಬದಲಿ ಅಂತ ಬರದು ಕಳಸ್ರಿ, ಅದು ಬಂಡವಾಳದಾಗ ಬರ್ತದ" ಅಂದೆ. ಅಂವ ಚಹಾದ ಕಪ್ ಕೆಳಗಿಟ್ಟ. "ಹೇ ತುಲಾ ಕೋಣೀ ಶಿಕವಲಂ?" ಅಂದ, ಇದನ್ನ ನಿಂಗ್ಯಾರು ಕಲಿಸಿದ್ರಂತ. "ಮಾಝೀ ಬಹೀಣ. ದಿಲ್ಲೀಲಾ ಬಜೆಟ್‌ಮಧೇ ಆಹೇ" ಅಂದೆ. ನನ್ನ ಅಕ್ಕ ಅಂತ ಹೇಳೂ ಮುಂದ ಎದಿ ಸ್ವಲ್ಪ ಉಬ್ಬಿತ್ತು, ನಿಂಗ ಹೇಳಬಾರದು, ಆದ್ರೂ ಬರೀಲಿಕ್ಕತ್ತೀನಿ.

ಅವತ್ತ ಪ್ರಸ್ತಾವ ಹೋತು. ಮ್ಯಾಲಿನವರಿಗೂ ಖುಷಿ ಅಂತ, ಖರ್ಚು ತೋರಸ್ಲಿಕ್ಕ ಏನಾರ ಬೇಕಾಗಿತ್ತಂತ ಅವರಿಗೆ. "ಏಳೆಂಟು ದಿನದಾಗ ಮಂಜೂರಿ ಬರ್ತದ, ಸಂಜೂಶೇಟ್" ಅಂತ ನಂಗ ಶೇಟ್ ಅನ್ಲಿಕ್ಕತ್ತಾನ ಬೋಳಿಮಗ.

ನೀ ಆಫೀಸಿನ್ಯಾಗ ಕುಂತು ಟೈಪ್ ಮಾಡೂದು ಬರೇ ಅಂಕಿ ಅಂತ ತಿಳದಿದ್ದೆ.

ಲಿಫ್ಟ್ ನಿನ್ನೆನೂ ಜಾರ್ತು. ಸ್ವಲ್ಪ. ಅವ್ವ ಇದ್ದಿದ್ದಿಲ್ಲ.

ಸಂಜು


ನವದೆಹಲಿ
5-1-2026

ಸಂಜೂ,

ನಿನ್ನ ಕಾಗದವನ್ನು ಹಾಸ್ಟೆಲಿನ ಭುವನೇಶ್ವರಿಗೆ ಓದಿ ತೋರಿಸಿದೆ. ಅವಳಿಗೆ ಕನ್ನಡ ಬರುವುದಿಲ್ಲ, ಆದರೂ ಪೂರ್ತಿ ಕೇಳುವ ತನಕ ಬಿಡಲಿಲ್ಲ ನಾನು.

ನಾನು ಕೂಡಿಸುವ ಸಾಲುಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ಅಂತ ನನಗೆ ಎಂದೂ ಗೊತ್ತಾಗುವುದಿಲ್ಲ. ಮೊದಲ ಸಲ ಗೊತ್ತಾಯಿತು. ನಮ್ಮ ಅವ್ವ ನಿಲ್ಲುವ ಲಿಫ್ಟಿಗೆ!

ಖುಷಿ ತಡೆಯಲಾರದೆ ನಿನ್ನೆ ಅವ್ವನಿಗೆ ಫೋನಿನಲ್ಲಿ ಹೇಳಿಬಿಟ್ಟೆ. "ನಿಮ್ಮ ಲಿಫ್ಟ್ ಮಂಜೂರಾಗತದ ಅವ್ವಾ, ನಿನ್ನ ಮಗ ಮಗಳು ಕೂಡಿ ಮಾಡಿಸೀವಿ" ಅಂದೆ. ಎಷ್ಟು ನಕ್ಕಳು ಗೊತ್ತೇ? ಡಯಾಲಿಸಿಸ್‌ಗೆ ಬರುವ ಎಲ್ಲರಿಗೂ ಹೇಳುತ್ತಾಳಂತೆ. ಜಾರಿದ ವಿಷಯ ಎತ್ತಲಿಲ್ಲ, ಹೆದರಬೇಡ.

ತಿಂಗಳ ಕೊನೆಗೆ ನನಗೆ ಕೆಲಸ ಬಹಳ. ಕೆಲವು ದಿನ ನನ್ನ ಸದ್ದಿಲ್ಲದಿದ್ದರೆ ಗಾಬರಿಯಾಗಬೇಡ. ಇದಕ್ಕಿಂತ ಹೆಚ್ಚು ಕೇಳಲೂ ಬೇಡ.

ಶೈಲಶ್ರೀ


ಕೊಂಢವಾ
22-1-2026

ಅಕ್ಕಾ,

ಅವ್ವಗ ಯಾಕ ಹೇಳಿದಿ?

ಮಂಜೂರಿ ಬಂದದ. ಕಾಗದದ ಮ್ಯಾಲ. ಟೆಂಡರ್ ಕರಿಯೂದು ಹೊಸ ವರ್ಷದ ಬಜೆಟ್ ಬಂದ ಮ್ಯಾಲ, ಲಿಫ್ಟ್ ಬರೂದು ಮುಂದಿನ ದೀಪಾವಳಿ, ಲಗೂ ಅಂದ್ರ. ಅದು ಹೋಗ್ಲಿ. ಇದನ್ನ ಕೇಳು.

ಬ್ರೇಕಿನ ಪಟ್ಟಿಗೆ ಜಗದಾಳೆ ಹೆಂಗೋ ಹೊಂದಿಸಿ ಒಂದು ಸಣ್ಣ ಬಿಲ್ ತಯಾರ್ ಮಾಡಿದ್ದ. ಸಂಕ್ರಮಣ ಆದ ಮ್ಯಾಲ ಬಾ ಅಂತ ಫಕೀರಪ್ಪಗ ಹೇಳೂ ಹೇಳಿದ್ದ. ಅದು ನಂಗ ಗೊತ್ತೇ ಇದ್ದಿದ್ದಿಲ್ಲ. ಮಂಜೂರಿ ಬಂದ ದಿನ ಆ ಬಿಲ್ ಹರದ. ನಾ ಕೇಳ್ದೆ, ಯಾಕ್ರಿ ಸಾಹೇಬ? ಅಂವ ಅಂದ: "ಬದಲಿ ಅಂತ ಬರದ ಲಿಫ್ಟಿಗೆ ರಿಪೇರಿ ರೊಕ್ಕ ಹಾಕಿದ್ರ ಆಡಿಟ್‌ನವರು ನನ್ನ ತಿಂತಾರ. ಕಾಗದದ ಮ್ಯಾಲ ಅದು ಸತ್ತದ, ಸಂಜೂ. ಸತ್ತದ್ದಕ್ಕ ಔಷಧ ಹಾಕ್ತಾರೇನು?"

"ಸತ್ತದ್ದರಾಗ ಮಂದಿನ್ನ ಯಾಕ ಒಯ್ತೀರಿ?" ಅಂದೆ. ಹೊರಗ ನಡಿ ಅಂದ.

ಅಂದ್ರ ಕೇಳದೇ ಇದ್ದಿದ್ರ ಬ್ರೇಕ್ ಬರ್ತಿತ್ತು. ಕೇಳಿದ್ದಕ್ಕ ಬರ್ಲಿಲ್ಲ. ನೀ ಹೇಳಿದಿ, ನಾ ಹೇಳ್ದೆ.

ಈಗ ದಿನಾ ಜಾರ್ತದ. ಮಂದಿ ತುಂಬಿದಾಗ ಕೆಳಗ, ಖಾಲಿ ಇದ್ದಾಗ ಎದುರಿನ ತೂಕ ಜಗ್ಗಿ ಮ್ಯಾಲ. ಅವ್ವ ಒಳಗ ಬಂದ್ರ ನಾ ಬಾಗಲಕ್ಕ ಅಡ್ಡ ನಿಂದ್ರತೀನಿ. ಆಕಿ ಬಾಜೂದವರಿಗೆ "ನನ್ನ ಮಗಳು ಮಂಜೂರ್ ಮಾಡಿಸ್ಯಾಳ್ರಿ" ಅಂತ ಹೇಳ್ಕೋತ ನಿಂತಿರ್ತಾಳ. ಮಂಜೂರಾಗ್ಯದ ಅಂದ್ರ ಗಟ್ಟಿ ಆಗ್ಯದ ಅಂತ ತಿಳದಾಳ.

ನಿನ್ನ ನಂಬರ್ ಬಿಡಿಸೀನಿ. ಫೋನ್ ಮಾಡು. ನಾ ಮೊದಲ ಮಾಡಂಗಿಲ್ಲ, ನೀ ಮಾಡು. ಮ್ಯಾಲ ಯಾರಿಗಾರ ಹೇಳಿ ಆ ಬಿಲ್ ಪಾಸ್ ಮಾಡಿಸು.

ಸಂಜು


ಕೊಂಢವಾ
27-1-2026

ಶೈಲಶ್ರೀ ಮೇಡಂ ಅವರಿಗೆ,

ನಿನ್ನೆಯಿಂದ ಫೋನ್ ಹಚ್ಚಲಿಕ್ಕತ್ತೀನಿ. ನಾನೇ ಮೊದಲ ಮಾಡ್ದೆ, ನೋಡ್ರಿ. ಸ್ವಿಚ್ ಆಫ್. ಕಾಗದ ಮುಟ್ಟೂ ಹೊತ್ತಿಗೆ ಸರಿಯಾಗಿ ಸ್ವಿಚ್ ಆಫ್. ಕೆಲಸ ಬಹಳ ಅಂದದ್ದು ನೆಪ, ಇದರಾಗ ನಿನ್ನ ಹೆಸರು ಬರ್ತದ ಅಂತ ಅಂಜಿದಿ, ಹೌದಿಲ್ಲೋ? ಉಪಾಯ ಹೇಳೂ ಮುಂದ ಅಕ್ಕ, ಉರಿ ಹತ್ತಿದ ಮ್ಯಾಲ ದಿಲ್ಲಿ ಸಾಹೇಬ್ರು.

ನಾ ಒಂದು ಮುಚ್ಚಿಟ್ಟೀನಿ, ಅದನ್ನೂ ತಗೋ. ಜನವರಿ ಒಂದನೇ ತಾರೀಖಿನಿಂದ ನಂಗ ಕೆಲಸಾ ಇಲ್ಲ. ಕರಾರಿನ ಮಂದಿ ಕಡಿಮಿ ಮಾಡ್ಯಾರ. ಬಟನ್ ಒತ್ತೂ ಲಿಫ್ಟಿಗೆ ಮನಷ್ಯಾ ಯಾಕ ಅಂದ್ರು. ಪಗಾರ ಇಲ್ದ ಹೋಗಿ ಆ ಬಾಗಲದಾಗ ನಿಂದ್ರಲಿಕ್ಕತ್ತೀನಿ. ಅವ್ವಗ ಗೊತ್ತಿಲ್ಲ. ದಿನಾ ಮುಂಜಾನೆ ಡಬ್ಬಿ ಕಟ್ಟಿ ಕೊಡ್ತಾಳ, ಒಯ್ತೀನಿ.

ನಾಳೆ ಬುಧವಾರ. ಹಿಂದಿನ ಸಲ ಮೂರನೇ ಮಜಲಿ ದಾಟೂ ಮುಂದ ಆ ಯಂತ್ರ ಉಸರು ಬಿಟ್ಟಂಗ ಆತು. ನಾ ಅವ್ವನ ರಟ್ಟಿ ಹಿಡದೆ. "ಯಾಕೋ, ಕೈ ಇಷ್ಟು ತಣ್ಣಗ?" ಅಂದ್ಳು. ಏಸಿ ಅವ್ವಾ ಅಂದೆ. ಆ ಲಿಫ್ಟಿಗೆ ಫ್ಯಾನೂ ಇಲ್ಲ.

ನಾಳೆ ಆಕಿ ಹತ್ತೂಕಿಂತ ಮೊದಲ ಜಗದಾಳೆ ಮುಂದ ಕುಂದ್ರತೀನಿ. ಕಾಲು ಹಿಡೀತೀನಿ. ನೀ ಆರಾಮ ಇರು.


ಕೊಂಢವಾ
29-1-2026

ಅಕ್ಕಾ,

ಅವ್ವ ಜೀವಂತ ಅದಾಳ. ಮೊದಲ ಇದನ್ನ ಓದು.

ನಾ ಜಗದಾಳೆ ಆಫೀಸಿನ್ಯಾಗ ಇದ್ದೆ. "ಹೊರಗ ಕುಂತಿರು ಅವ್ವಾ, ನಾ ಬಂದ ಮ್ಯಾಲ ಹತ್ತೂಣು" ಅಂತ ಹೇಳಿ ಹೋಗಿದ್ದೆ. ಆಕಿ ಕುಂದ್ರಲಿಲ್ಲ. ಡಯಾಲಿಸಿಸ್ ಮಂದಿ ಒಳಗ ಹೋಗ್ಲಿಕ್ಕ ಅಂಜಿ ನಿಂತಿದ್ರಂತ. ಈಕಿ, "ಬರ್ರಿ ಬರ್ರಿ, ನನ್ನ ಮಗಳು ಮಾಡಿಸಿದ ಲಿಫ್ಟ್ ಅದ, ಅಂಜಬ್ಯಾಡ್ರಿ" ಅಂತ ಎಲ್ಲಾರನೂ ತುಂಬಿಸಿಕೊಂಡು ಹತ್ಯಾಳ.

ಬಾಗಲಾ ಮುಚ್ಚಿದ ಸಪ್ಪಳ ಕೇಳಿ ನಾ ಮೆಟ್ಟಲಾ ಹತ್ತಿ ಓಡಿದೆ. ಐದನೇ ಮಜಲಿಗೆ ನಾ ಮುಟ್ಟೂದು, ಬಾಗಲಾ ತೆರಿಯೂದು ಒಂದೇ ಆತು. ಅವ್ವನೇ ಮುಂದ. ನನ್ನ ನೋಡಿ ನಕ್ಕು ಒಂದು ಕಾಲು ಹೊರಗಿಟ್ಳು. ಲಿಫ್ಟ್ ಇಳೀತು. ಗೇಣಲ್ಲ, ಮೊಳಕಾಲ ಮಟ. ಆಕಿ ಒಂದು ಕಾಲು ಮ್ಯಾಲ, ಒಂದು ಕೆಳಗ. ನಾ ಎರಡೂ ರಟ್ಟಿ ಹಿಡದು ಜಗ್ಗಿದೆ. ಬಂದ್ಳು. ಆಕಿ ಕಾಲು ಬಂದ ಮ್ಯಾಲ ಅದು ಇನ್ನೂ ಇಳೀತು, ಆಮ್ಯಾಲ ಗಕ್ಕನ ನಿಂತ್ತು. ಒಳಗಿದ್ದವರು ಚೀರ್ತಿದ್ರು. ಅವ್ವ ಚೀರಲಿಲ್ಲ.

ಕಾಲಿನ ಮೀನಖಂಡ ಹರದದ, ಹೊಲಿಗಿ ಹಾಕ್ಯಾರ. ಡಯಾಲಿಸಿಸ್‌ನವರ ರಕ್ತ ಲಗೂ ನಿಂದ್ರಂಗಿಲ್ಲಂತ, ಸಂಜಿತನಕ ಹರೀತು. ಆಮ್ಯಾಲ ಸ್ವಲ್ಪ ಹೊತ್ತು ಡಯಾಲಿಸಿಸ್ ಮಾಡಿದ್ರು. ಬೆನ್ನ ಮ್ಯಾಲ ಹೊತ್ತು ಇಳಸಿದೆ. ಎರಡನೇ ಮಜಲಿ ಮೆಟ್ಟಲದಾಗ ನಾ ಮುಗ್ಗರಿಸಿ ಹೊಲಿಗಿ ಬಿಚ್ಚಿದ್ವು. ಇನ್ನ ಮ್ಯಾಲ ಆಕಿನ್ನ ಹೊರಬ್ಯಾಡ ಅಂತ ಡಾಕ್ಟರ್ ಬೈದ್ರು.

ಇವತ್ತ ಮುಂಜಾನೆ ಫಕೀರಪ್ಪ ಬಂದ. ಯಾವ ಚೀಲದಿಂದ ರೊಕ್ಕ ಬಂತೋ ಯಾರೂ ಹೇಳ್ಲಿಲ್ಲ. ಪಟ್ಟಿ ಬದಲಿ ಮಾಡಿ ಮಧ್ಯಾಹ್ನ ಊಟಕ್ಕ ಮನಿಗೆ ಹೋದ. ಅಷ್ಟೇ ಕೆಲಸ ಇತ್ತು ಅಕ್ಕಾ. ಅಷ್ಟೇ.

ನಿನ್ನ ಫೋನ್ ಇನ್ನೂ ಬಂದ್. ನೀ ಎಲ್ಲಿ ಅದೀ?

ಸಂಜು


ನವದೆಹಲಿ
31-1-2026

ಪ್ರೀತಿಯ ಸಂಜು,

ಇದನ್ನು ನಾನು ಒಳಗಿನಿಂದ ಬರೆಯುತ್ತಿದ್ದೇನೆ. ಈಗ ಹೇಳಿದರೆ ತಪ್ಪಿಲ್ಲ, ಯಾಕೆಂದರೆ ಇದು ನಿನಗೆ ಸಿಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಬಜೆಟ್ ಅಚ್ಚಾಗುವ ದಿನಗಳಲ್ಲಿ ಅದರ ಕೆಲಸದವರನ್ನು ಒಳಗೇ ಇರಿಸಿಕೊಳ್ಳುತ್ತಾರೆ. ಫೋನು ತೆಗೆದಿಟ್ಟುಕೊಳ್ಳುತ್ತಾರೆ. ಮನೆಗೆ ಹೋಗುವಂತಿಲ್ಲ. ಶುರುವಾಗುವ ಮೊದಲು ದೊಡ್ಡ ಕಡಾಯಿಯಲ್ಲಿ ಹಲ್ವಾ ಮಾಡಿ ಎಲ್ಲರಿಗೂ ಹಂಚುತ್ತಾರೆ. ನನ್ನ ಹೆಸರು ಈ ಸಲ ಮೊದಲ ಬಾರಿ ಬಂತು. ಹೆಮ್ಮೆಯಿಂದ, ಯಾರಿಗೂ ಹೇಳದೆ ಬಂದುಬಿಟ್ಟೆ. ಹಲ್ವಾ ತಿನ್ನುವಾಗ ನಿನ್ನ ನೆನಪಾಯಿತು, ನೀನಾಗಿದ್ದರೆ ಕಡಾಯಿ ಕೆರೆಯುತ್ತಿದ್ದೆ.

ಅಂಕಿಗಳನ್ನು ಬರೆಯುವಂತಿಲ್ಲ. ಪುಟ ಸರಿನೋಡುವಾಗ ಬಂಡವಾಳ ಅನ್ನುವ ಪದ ಬಂದಾಗಲೆಲ್ಲ ನಿಮ್ಮ ಲಿಫ್ಟ್ ಕಣ್ಣಿಗೆ ಬರುತ್ತಿತ್ತು. ಮಂಜೂರಿ ಬಂದಿರಬೇಕಲ್ಲವೇ? ಇಷ್ಟು ದೊಡ್ಡ ಮೊತ್ತಗಳ ನಡುವೆ ಕೂತಾಗ ಅದರೊಳಗೆ ಎಲ್ಲೋ ಒಂದು ಕಡೆ ನಮ್ಮ ಅವ್ವ ನಿಂತಿದ್ದಾಳೆ ಅನ್ನುವುದು ಧೈರ್ಯ ಕೊಡುತ್ತದೆ.

ಒಂದೇ ಒಂದು ಕಸಿವಿಸಿ. ಬಂದ ದಿನದಿಂದ ಅವ್ವನ ಧ್ವನಿ ಕೇಳಿಲ್ಲ.

ನಾಳೆ ಬಜೆಟ್ ಭಾಷಣ ಮುಗಿದ ಕೂಡಲೇ ಹೊರಗೆ. ಫೋನು ಕೈಗೆ ಬಂದ ತಕ್ಷಣ ಅವ್ವನಿಗೆ ಮಾಡುತ್ತೇನೆ. ನೀನು ಬ್ಲಾಕ್ ತೆಗೆದಿದ್ದರೆ ನಿನಗೂ.

ಶೈಲಶ್ರೀ


ಕೊಂಢವಾ
1-2-2026

ಅಕ್ಕಾ,

ಟಪಾಲಿಗೆ ಹೊತ್ತಿಲ್ಲ. ಇದನ್ನ ಬರದು, ಫೋಟೊ ತಗದು ನಿನ್ನ ಫೋನಿಗೆ ಹಾಕ್ತೀನಿ. ಬಾಯಿಲೆ ಹೇಳ್ಲಿಕ್ಕ ಹೋದ್ರ ಒದರ್ತೀನಿ, ಇಲ್ಲಾ ಅಳ್ತೀನಿ, ಎರಡೂ ಬ್ಯಾಡ.

ನಿನ್ನೆ ಜಗದಾಳೆ ಹೇಳಿದ. ಅಂವ ಮನಿಗೆ ಹಣ್ಣು ಹಿಡಕೊಂಡು ಬಂದಿದ್ದ, ನಾ ಬಾಗಲದಾಗೇ ನಿಂದ್ರಿಸಿದೆ. "ತುಝೀ ಬಹೀಣ ಬಜೆಟ್‌ಲಾ ಆಹೇ ನಾ? ಮಗ ಆತ ಅಸೇಲ, ಫೋನ್ ನಸತೋ" ಅಂದ. ಒಳಗ ಇಟ್ಟಿರ್ತಾರ, ಫೋನ್ ಇರಂಗಿಲ್ಲ ಅಂತ. ನಾ ಮಂಗಳವಾರ ಬರದ ಕಾಗದ ನಿನ್ನ ರೂಮಿಗೆ ಬಂದು ಬಿದ್ದಿರ್ತದ. ಅದನ್ನ ಓದಬ್ಯಾಡ. ಓದಿದ್ರೂ ಓದು, ಆದ್ರ ಇದನ್ನ ಓದಿದ ಮ್ಯಾಲ.

ಶುಕ್ರವಾರ ಅವ್ವನ್ನ ಕರಕೊಂಡು ಹೋದೆ. ಫಕೀರಪ್ಪನ್ನೂ ಕರದಿದ್ದೆ. ಅಂವ ಒಳಗ ಜಿಗದು ಜಿಗದು ತೋರಿಸಿದ, "ನೋಡ್ರಿ ಕಲ್ಲವ್ವಾರ, ಕಲ್ಲಿನ್ಹಂಗ ನಿಂತದ." ಅವ್ವ ಹತ್ತಿದ್ಳು. ಐದನೇ ಮಜಲಿಗೆ ಬಾಗಲಾ ತೆರೀತು. ನೆಲಕ್ಕ ನೆಲಾ ಸರಿಯಾಗಿ ಕೂಡಿತ್ತು, ಒಂದು ಕೂದಲೆಳಿ ಹೆಚ್ಚು ಕಡಿಮಿ ಇಲ್ಲ. ನಾ ಹೊರಗ ನಿಂತು ಕೈ ಚಾಚಿದೆ. ಆಕಿ ಹಿಂದಿನ ಸರಳ ಹಿಡಕೊಂಡು ನಿಂತ್ಳು. ಕಾಲು ಎತ್ತಲೇ ಇಲ್ಲ. "ಬಾ ಅವ್ವಾ" ಅಂದೆ. ನನ್ನ ಕೈ ನೋಡಿದ್ಳು, ನೆಲಾ ನೋಡಿದ್ಳು, ತಲಿ ಅಲ್ಲಾಡಿಸಿದ್ಳು. ಬಾಗಲಾ ಮುಚ್ಚಿತು.

ಕೆಳಗ ಬಂದ್ವಿ, ಮತ್ತ ಹತ್ತಿದ್ವಿ. ಮತ್ತ ಅಷ್ಟೇ. ಗಾಲಿ ಕುರ್ಚಿ ತಂದ್ರು, ನರ್ಸ್ ಜಗ್ಗಿದ್ಳು. ಆಕಿ ಆ ಸರಳಿಗೆ ಎರಡೂ ಕೈಲೆ ಜೋತು ಬಿದ್ದು ಒದರಿದ್ಳು, ಹುಟ್ಟಿದಾಗಿಂದ ಅವ್ವನ ಅಂಥಾ ಧ್ವನಿ ನಾ ಕೇಳಿಲ್ಲ. ಹಂಗ ಎಳದಾಡಬ್ಯಾಡ್ರಿ ಅಂತ ಡಾಕ್ಟರೇ ನಿಂದ್ರಿಸಿದ್ರು. ಕೆಳಗ ಬಂದ ಮ್ಯಾಲ ನೆಲದ ಮಜಲಿಗೂ ಇಳೀಲಿಲ್ಲ. ನಾನೂ ಫಕೀರಪ್ಪನೂ ಎತ್ತಿ ತಂದ್ವಿ. ಆಕಿ ನನ್ನ ಅಂಗಿ ಕಚ್ಚಿ ಹಿಡದಿದ್ಳು.

ಬುಧವಾರ ಡಯಾಲಿಸಿಸ್ ಆದದ್ದು ಅರ್ಧಾ. ಶುಕ್ರವಾರ ಇಲ್ಲ. ಇವತ್ತ ಮುಖ ಬಾತದ, ಕಣ್ಣು ಸಣ್ಣ ಆಗ್ಯಾವ. ಮಲಗಿದ್ರ ಉಸರು ಹತ್ತವಲ್ದು, ಗ್ವಾಡಿಗೆ ಆತು ಕುಂತಾಳ. ಕಾಲು ಒತ್ತಿದ್ರ ತೆಗ್ಗು ಹಂಗ ಉಳೀತದ. ನಾಳೆ ಆಗ್ಲೇಬೇಕು, ನಾಳೆ ತಪ್ಪಿಸಬ್ಯಾಡ ಅಂತ ಡಾಕ್ಟರ್ ಹೇಳ್ಯಾರ. ಬ್ಯಾರೇ ಆಸ್ಪತ್ರಿ ಕೇಳ್ದೆ. ಈ ಕಾರ್ಡಿಗೆ ಇವತ್ತ ಬರದ ಕೊಡೂ ಸಾಹೇಬ್ರು ಇಲ್ಲ, ಆಯ್ತವಾರ. ಬರದ ಕೊಟ್ರೂ ಅಲ್ಲೂ ಲಿಫ್ಟ್ ಇರ್ತದಲ್ಲ? ಅವ್ವ ಯಾವ ಲಿಫ್ಟಿನ್ಯಾಗಿಂದನೂ ಇಳಿಯಂಗಿಲ್ಲ ಈಗ.

ನಾ ಏನ್ ಹೇಳಿದ್ರೂ ನಂಬವಲ್ಲಳು. ನಾ ಸುಳ್ಳ ಅಂತ ಗೊತ್ತಾಗ್ಯದ. ಕೆಲಸಾ ಹೋದದ್ದೂ ಗೊತ್ತಾತು, ಡಬ್ಬಿನೂ ಗೊತ್ತಾತು. ಇವತ್ತ ಮುಂಜಾನೆ ಒಂದೇ ಮಾತು ಕೇಳಿದ್ಳು: "ಅಕ್ಕ ಮಂಜೂರ್ ಮಾಡಿಸಿದ್ಳಲ್ಲೋ. ಆಕಿಗೂ ಗೊತ್ತಿತ್ತೇನು, ಇದು ಬೀಳ್ತದ ಅಂತ?" ಇಲ್ಲ ಅವ್ವಾ, ಆಕಿಗೆ ಗೊತ್ತಿದ್ದಿಲ್ಲ ಅಂದೆ. ಅದೊಂದು ನಂಬಿದ್ಳು.

ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ ಅಕ್ಕಾ, ಸುಳ್ಳ ಹೇಳಂಗಿಲ್ಲ. ನನ್ನ ಮ್ಯಾಲಿಂದೂ ಹೋಗಿಲ್ಲ. ಆಮ್ಯಾಲ ಜಗಳಾಡೂಣು, ಜನಮ ಪೂರಾ ಅದ.

ಭಾಷಣ ಮುಗಿದ ಮ್ಯಾಲ ನಿನ್ನ ಬಿಡ್ತಾರಂತಲ್ಲ. ಸೀದಾ ವಿಮಾನ ಹತ್ತು. ರೂಮಿಗೆ ಹೋಗಬ್ಯಾಡ, ಬಟ್ಟಿ ತರಬ್ಯಾಡ. ನಾಳೆ ಮುಂಜಾನೆ ನಾ ಅವ್ವನ್ನ ಕೆಳಗಿಂದ ಹತ್ತಿಸ್ತೀನಿ. ನೀ ನಮ್ಮ ಜೋಡಿ ಹತ್ತಬ್ಯಾಡ. ಮೊದಲೇ ಮೆಟ್ಟಲಾ ಹತ್ತಿ ಐದನೇ ಮಜಲಿಗೆ ಹೋಗಿ ನಿಂದ್ರು. ಬಾಗಲಾ ತೆರದಾಗ ಆಕಿ ನೆಲಾ ನೋಡಬಾರದು, ನಿನ್ನ ನೋಡಬೇಕು.

ಸಂಜು